ಪೀಟ್ ಸೀಗರ್ ಡಾಕ್ಯುಮೆಂಟರಿ ಖಂಡಿತ ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ

ಅಮೆರಿಕದ ಜನಪದ ಹಾಡುಗಾರ ಪೀಟ್ ಸೀಗರ್ ಅವರ ಹೆಸರು ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಆದರೆ ಅವರು ಊರೂರಿಗೆ ಹೊತ್ತುಕೊಂಡು ಹೋದ 'ವಿ ಶಲ್ ಓವರ್‌ಕಮ್' ಗೊತ್ತಿಲ್ಲದವರು ಕಡಿಮೆ. ಶಾಲೆಯ ಮೈದಾನದಲ್ಲಿ ಹಿಂದಿಯಲ್ಲಿ ಹಾಡಿದ್ದೇವೆ, ಚಳವಳಿಯ ಮೆರವಣಿಗೆಗಳಲ್ಲಿ ಕನ್ನಡದಲ್ಲಿ ಹಾಡಿದ್ದೇವೆ. ಈಚೆಗೆ ಹಾಡುಗಾರ ಬಾಬ್ ಡಿಲನ್ ಮೇಲೆ ಬಂದ 'ಎ ಕಂಪ್ಲೀಟ್ ಅನ್‌ನೋನ್' ಸಿನಿಮಾ ನೋಡಿದ ಮೇಲೆ ಸುಮಾರು ಜನ ಕೇಳುತ್ತಿದ್ದಾರೆ, ಅದರಲ್ಲಿ ಎಡ್ವರ್ಡ್ ನಾರ್ಟನ್ ಮಾಡಿದ ಆ ಬ್ಯಾಂಜೊ (ಗಿಟಾರಿನಂಥ ತಂತಿವಾದ್ಯ) ಹಿಡಿದ ಮೆತ್ತಗಿನ ಮನುಷ್ಯ ಯಾರು ಅಂತ. ಅವರೆಲ್ಲರಿಗೂ ನಾನು ಹೇಳುವುದು ಒಂದೇ: 'ಪೀಟ್ ಸೀಗರ್: ದಿ ಪವರ್ ಆಫ್ ಸಾಂಗ್' ನೋಡಿ. ಜಿಮ್ ಬ್ರೌನ್ ನಿರ್ದೇಶನ, 2007ರದ್ದು, ಸುಮಾರು ಒಂದೂವರೆ ಗಂಟೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಪೀಟ್ ಅಭಿಮಾನಿ. ಜೊತೆಯಲ್ಲಿ ಕೂತು ಈ ಚಿತ್ರ ನೋಡಿದ ಗೆಳೆಯರೂ ಅಭಿಮಾನಿಗಳೇ. ಆದರೂ ಚಿತ್ರ ಮುಗಿದ ಮೇಲೆ ನಮ್ಮ ನಡುವೆ ಜೋರು ವಾದ ಆಯಿತು. ಒಬ್ಬರಿಗೆ ಇದು ಕಣ್ಣೀರು ತರಿಸಿದ ಚಿತ್ರ, ಇನ್ನೊಬ್ಬರಿಗೆ ದೇವರ ಪಟಕ್ಕೆ ಹಾರ ಹಾಕಿದ ಚಿತ್ರ. ಎರಡೂ ಮಾತು ನಿಜ ಅಂತಲೇ ನನಗೆ ಅನ್ನಿಸುತ್ತದೆ.

ಚಿತ್ರದ ಶಕ್ತಿ ಎಲ್ಲಿದೆ ಅಂದರೆ, ಪೀಟ್ ಜನರನ್ನು ಹಾಡಿಸುವ ದೃಶ್ಯಗಳಲ್ಲಿ. ಕತ್ತು ಮೇಲೆತ್ತಿ, ಗಲ್ಲ ಮುಂದೆ ಚಾಚಿ, ಸಾವಿರಾರು ಜನರ ಎದುರು ನಿಂತು, ಮುಂದಿನ ಸಾಲನ್ನು ತಾನೇ ಮೊದಲು ಕೂಗಿ ಹೇಳಿಕೊಟ್ಟು, ಆಮೇಲೆ ಅವರಿಂದ ಹಾಡಿಸಿ, ಅವರ ದನಿ ಗಟ್ಟಿಯಾದ ಕೂಡಲೇ ತಾನು ಮೇಲಿನ ಸ್ವರಕ್ಕೆ ಹೋಗಿ ಸೇರಿಕೊಳ್ಳುವುದು. ನಮ್ಮ ಸೋಬಾನೆ ಪದಗಳಲ್ಲಿ ಒಬ್ಬರು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯುತ್ತಾರಲ್ಲ, ಹಾಗೇ. ಇದು ಚಪ್ಪಾಳೆ ಗಿಟ್ಟಿಸುವ ಉಪಾಯ ಅಲ್ಲ. ಹಾಡು ಹಾಡುಗಾರನದಲ್ಲ, ಕೂತವರದು ಅನ್ನುವುದನ್ನು ಅವರು ನಿಜವಾಗಿ ನಂಬಿದ್ದರು. ಎಷ್ಟು ನಂಬಿದ್ದರು ಅಂದರೆ ಅವರ ದನಿ ಕ್ಷೀಣವಾದ ವಯಸ್ಸಿನಲ್ಲೂ ಕಾರ್ಯಕ್ರಮ ಸೋಲುತ್ತಿರಲಿಲ್ಲ, ಯಾಕಂದರೆ ಹಾಡುತ್ತಿದ್ದವರು ಸಭಿಕರು! ಈ ಭಾಗವನ್ನು ನಾನು ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ನೋಡಿದ್ದೇನೆ.

ಇನ್ನು ಕತೆ. ತಂದೆ ಚಾರ್ಲ್ಸ್ ಸೀಗರ್ ದೊಡ್ಡ ಸಂಗೀತ ವಿದ್ವಾಂಸ. 1936ರಲ್ಲಿ ಹದಿಹರೆಯದ ಹುಡುಗ ನಾರ್ತ್ ಕೆರೊಲಿನಾದ ಆಶ್‌ವಿಲ್‌ನಲ್ಲಿ ಒಂದು ಜನಪದ ಉತ್ಸವಕ್ಕೆ ಹೋಗಿ ಐದು ತಂತಿಯ ಬ್ಯಾಂಜೊ ಕೇಳಿ ಮನಸೋತ. ಹಾರ್ವರ್ಡ್ ಬಿಟ್ಟ. 1940ರಲ್ಲಿ ಜನಪದ ಹಾಡುಗಾರ ವುಡಿ ಗತ್ರಿ ಸಿಕ್ಕರು, ಇಬ್ಬರೂ ಊರೂರು ಸುತ್ತಿದರು. ಆಮೇಲೆ 'ವೀವರ್ಸ್' ತಂಡ, 1950ರಲ್ಲಿ 'ಗುಡ್‌ನೈಟ್ ಐರೀನ್'. ಆ ಹಾಡು 13 ವಾರ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಜನಪದ ಹಾಡಿಗೆ ಅಷ್ಟು ದೊಡ್ಡ ಮಾರುಕಟ್ಟೆ ಇದೆ ಅಂತ ಅಲ್ಲಿಯ ಕಂಪನಿಗಳಿಗೆ ಗೊತ್ತಾದದ್ದೇ ಆವಾಗ. ಇದನ್ನೆಲ್ಲ ಚಿತ್ರ ಬೇಗ ಬೇಗ ಹೇಳಿ ಮುಗಿಸುತ್ತದೆ, ಅದು ಸರಿಯೇ.

ಬಿಗಿ ಬರುವುದು ಬ್ಲ್ಯಾಕ್‌ಲಿಸ್ಟ್ ಕಾಲದಲ್ಲಿ, ಅಂದರೆ ಎಡಪಂಥದವರು ಅನ್ನಿಸಿದವರಿಗೆ ಯಾರೂ ಕೆಲಸ ಕೊಡದಂತೆ ಹೆಸರು ಪಟ್ಟಿ ಮಾಡುತ್ತಿದ್ದ ಕಾಲದಲ್ಲಿ. ಕಮ್ಯುನಿಸ್ಟರು ಅಂತ ಹೆಸರು ಬಂದ ಕೂಡಲೇ ರೇಡಿಯೊ, ಟಿವಿ, ದೊಡ್ಡ ಹೋಟೆಲು, ಎಲ್ಲ ಬಾಗಿಲು ಮುಚ್ಚಿತು. 1952ರ ಹೊತ್ತಿಗೆ ವೀವರ್ಸ್ ತಂಡವೇ ಚದುರಿತು. 1955ರ ಆಗಸ್ಟಿನಲ್ಲಿ ಪೀಟ್ ಅವರನ್ನು ಅಮೆರಿಕನ್ ಸಂಸತ್ತಿನ ವಿಚಾರಣಾ ಸಮಿತಿ ಕರೆಸಿತು. ಎಷ್ಟೋ ಜನ ಅಲ್ಲಿ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಅನ್ನುವ, ಅಮೆರಿಕ ಸಂವಿಧಾನದ ಐದನೇ ತಿದ್ದುಪಡಿಯ ರಕ್ಷಣೆ ಕೇಳಿ ಬಾಯಿ ಮುಚ್ಚಿಕೊಂಡಿದ್ದರು. ಅದು ಕಾನೂನಿನ ಪ್ರಕಾರ ಸೇಫ್ ದಾರಿ. ಪೀಟ್ ಆ ದಾರಿ ಹಿಡಿಯಲಿಲ್ಲ. ನನ್ನ ನಂಬಿಕೆ, ನನ್ನ ಗೆಳೆತನ, ನಾನು ಎಲ್ಲಿ ಹಾಡಿದೆ, ಇದನ್ನೆಲ್ಲ ಯಾವ ಅಮೆರಿಕನ್ನನನ್ನೂ ನೀವು ಹೀಗೆ ಬಲವಂತವಾಗಿ ಕೇಳುವಂತಿಲ್ಲ ಅಂದರು. ಬೇಕಾದರೆ ಆ ಹಾಡುಗಳ ವಿಷಯ ಹೇಳುತ್ತೇನೆ, ಹಾಡುತ್ತೇನೆ ಅಂದರು. ಸಮಿತಿಗೆ ಹಾಡು ಬೇಕಿರಲಿಲ್ಲ. 1957ರಲ್ಲಿ 10 ಆರೋಪಗಳ ಮೇಲೆ ಕೇಸು, 1961ರಲ್ಲಿ ಒಂದು ವರ್ಷ ಜೈಲು ಅಂತ ತೀರ್ಪು, 1962ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ಅಷ್ಟು ವರ್ಷ ತಲೆಯ ಮೇಲೆ ಕತ್ತಿ ತೂಗುತ್ತಿದ್ದಾಗ ಆ ಮನುಷ್ಯ ಮಾಡಿದ್ದೇನು? ಕಾಲೇಜುಗಳಿಗೆ ಹೋದರು. ಶಾಲೆಗಳಿಗೆ, ಮಕ್ಕಳ ಬೇಸಿಗೆ ಶಿಬಿರಗಳಿಗೆ ಹೋದರು. ಒಂದು ಊರಿಗೆ ಬಂದು, ಹಾಡಿ, ವಿರೋಧಿಗಳು ಒಟ್ಟುಗೂಡುವ ಮೊದಲೇ ಮುಂದಿನ ಊರಿಗೆ ಹೊರಟುಬಿಡುವುದು. ಟಿವಿಯವರು ಹೊರಗಿಟ್ಟ ಹಾಡುಗಾರ ಹೀಗೆ ಒಂದು ತಲೆಮಾರಿನ ಮಕ್ಕಳಿಗೆ ನೇರವಾಗಿ ಹಾಡು ಕಲಿಸಿಬಿಟ್ಟರು. ಅರವತ್ತರ ದಶಕದಲ್ಲಿ ಗಿಟಾರ್ ಹಿಡಿದು ಬೀದಿಗೆ ಬಂದವರಲ್ಲಿ ಎಷ್ಟೋ ಜನ ಆ ಮಕ್ಕಳು.

ದೊಡ್ಡ ಕಂಪನಿ ಮುಚ್ಚಿದ ಬಾಗಿಲಿನ ಮುಂದೆ ನಿಂತು ಅಳದೆ ಬೇರೆ ದಾರಿ ಮಾಡಿಕೊಂಡ ಈ ರೀತಿ ನನಗೆ ಬಹಳ ಇಷ್ಟ. ಬ್ಯಾಂಜೊ ಕಲಿಸುವ ಪುಸ್ತಕವನ್ನು 1948ರಲ್ಲಿ ಅವರೇ ಸೈಕ್ಲೋಸ್ಟೈಲ್ ಮಾಡಿ ಹಂಚಿದವರು. ಫೋಕ್‌ವೇಸ್ ಅನ್ನುವ ಪುಟ್ಟ ಕಂಪನಿಗೆ ರೆಕಾರ್ಡ್ ಮೇಲೆ ರೆಕಾರ್ಡ್ ಮಾಡಿಕೊಟ್ಟವರು. ಮತ್ತೆ ಒಂದಾಗಿದ್ದ ವೀವರ್ಸ್ ಸಿಗರೇಟು ಜಾಹೀರಾತಿಗೆ ಹಾಡಲು ಒಪ್ಪಿದಾಗ ತಂಡವನ್ನೇ ಬಿಟ್ಟು ಹೊರಬಂದರು. ಸ್ವತಂತ್ರ ಕಲಾವಿದ ಅನ್ನುವ ಮಾತನ್ನು ಈಗ ಎಲ್ಲರೂ ಬಳಸುತ್ತಾರೆ. ಅದಕ್ಕೆ ಎಷ್ಟು ಬೆಲೆ ಕೊಡಬೇಕಾಗುತ್ತಿತ್ತು ಅನ್ನುವುದು ಇಲ್ಲಿ ಕಾಣುತ್ತದೆ.

ಟಿವಿಗೆ ಮರಳಿದ ಭಾಗವೂ ಚೆನ್ನಾಗಿದೆ. 1967ರಲ್ಲಿ ಸ್ಮದರ್ಸ್ ಬ್ರದರ್ಸ್ ಅನ್ನುವ ಹಾಸ್ಯ ಜೋಡಿ ತಮ್ಮ ಟಿವಿ ಶೋಗೆ ಕರೆದರು. ಪೀಟ್ ಹಾಡಿದ್ದು ಸೊಂಟದುದ್ದದ ಕೆಸರಿಗೆ ಸೈನಿಕರನ್ನು ನುಗ್ಗಿಸುವ ಮೂರ್ಖ ಅಧಿಕಾರಿಯ ಕತೆ. ವಿಯೆಟ್ನಾಂ ಹೆಸರೇ ಎತ್ತದಿದ್ದರೂ ಗುರಿ ಅಧ್ಯಕ್ಷ ಜಾನ್ಸನ್ ಅಂತ ಯಾರಿಗಾದರೂ ಗೊತ್ತಾಗುವಂಥದ್ದು. ಶೋ ಪ್ರಸಾರ ಮಾಡುತ್ತಿದ್ದ ಸಿಬಿಎಸ್ ಚಾನೆಲ್ ಅದನ್ನು ಕತ್ತರಿಸಿ ಹಾಕಿತು. ಗಲಾಟೆಯಾದ ಮೇಲೆ 1968ರ ಫೆಬ್ರವರಿಯಲ್ಲಿ ಮತ್ತೆ ಕರೆಸಿ ಪ್ರಸಾರ ಮಾಡಿದರು. ಆ ತುಣುಕಿನಲ್ಲಿ ಪೀಟ್ ಮುಖ ನೋಡಿ. ಕೋಪ ಇದೆ, ಆದರೆ ಕಿರುಚಾಟ ಇಲ್ಲ.

ಈಗ ನನ್ನ ತಕರಾರು.

ಚಿತ್ರದಲ್ಲಿ ಮಾತಾಡುವವರ ಸಾಲು ನೋಡಿ: ಡಿಲನ್, ಜೋನ್ ಬಯೆಜ್, ಸ್ಪ್ರಿಂಗ್‌ಸ್ಟೀನ್, ಆರ್ಲೊ ಗತ್ರಿ, ಬಾನಿ ರೇಟ್, ಡಿಕ್ಸಿ ಚಿಕ್ಸ್ ತಂಡದ ನಟಾಲಿ ಮೇನ್ಸ್. ಎಲ್ಲರದ್ದೂ ಹೊಗಳಿಕೆ. ಪ್ರೀತಿಯಿಂದಲೇ ಹೇಳುತ್ತಾರೆ, ಸುಳ್ಳಲ್ಲ. ಆದರೆ ಒಂದರ ಮೇಲೊಂದು ಬಂದಾಗ ಮನುಷ್ಯ ದೂರ ಹೋಗಿ ಮೂರ್ತಿ ಉಳಿಯುತ್ತದೆ. ನಮ್ಮ ಗುಂಪಿನಲ್ಲಿ ಜಾಸ್ತಿ ಜನ ಒಪ್ಪಿದ ದೂರು ಇದೇ. ಇನ್ನೊಂದು ದೂರೂ ಬಂತು, ಹಾಡು ಪೂರ್ತಿ ಕೇಳಲು ಬಿಡುವುದಿಲ್ಲ ಅಂತ. ಒಂದೆರಡು ನುಡಿ ಆಗುವಷ್ಟರಲ್ಲಿ ಯಾರೋ ಮಾತಾಡಲು ಶುರು ಮಾಡುತ್ತಾರೆ. ಹಾಡಿನ ಶಕ್ತಿ ಅಂತ ಹೆಸರಿಟ್ಟ ಚಿತ್ರದಲ್ಲಿ ಹೀಗಾಗಬಾರದಿತ್ತು, ಅಲ್ವಾ?

ಎಲ್ಲಕ್ಕಿಂತ ದೊಡ್ಡ ಕೊರತೆ ಸ್ಟಾಲಿನ್ ವಿಷಯ. ಪೀಟ್ ಕಮ್ಯುನಿಸ್ಟ್ ಪಕ್ಷದಲ್ಲಿದ್ದರು, ಆಮೇಲೆ ಬಿಟ್ಟರು, ಇದು ಗುಟ್ಟೇನಲ್ಲ. 1941ರಲ್ಲಿ, ಒಬ್ಬರ ಮೇಲೊಬ್ಬರು ಯುದ್ಧ ಮಾಡುವುದಿಲ್ಲ ಅನ್ನುವ ಹಿಟ್ಲರ್ ಮತ್ತು ಸ್ಟಾಲಿನ್ ಒಪ್ಪಂದ ಇನ್ನೂ ಇದ್ದಾಗ, ಪೀಟ್ ಇದ್ದ ಆಲ್ಮನಾಕ್ ಸಿಂಗರ್ಸ್ ತಂಡ ಅಮೆರಿಕ ಯುದ್ಧಕ್ಕೆ ಹೋಗಬಾರದು ಅಂತ ಒಂದು ಆಲ್ಬಮ್ಮೇ ಮಾಡಿತ್ತು. ಜೂನ್‌ನಲ್ಲಿ ಹಿಟ್ಲರ್ ಸೋವಿಯತ್ ಮೇಲೆ ಬಿದ್ದ ಕೂಡಲೇ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಮುಂದಿನ ವರ್ಷ ಅದೇ ತಂಡ ಯುದ್ಧದ ಪರವಾಗಿ ಹಾಡುತ್ತಿತ್ತು. ಪಕ್ಷದ ಲೈನು ತಿರುಗಿದ ಹಾಗೆ ಹಾಡೂ ತಿರುಗಿತು. ಯಾರ ಮುಲಾಜಿಗೂ ಬೀಳದೆ ಮಾತಾಡುವ ಹಾಡುಗಾರ ಅಂತ ನಾವು ಮೆಚ್ಚುವ ಮನುಷ್ಯನ ಬಗ್ಗೆ ಇದು ಕೇಳಲೇಬೇಕಾದ ಪ್ರಶ್ನೆ. ಚಿತ್ರ ಇಂಥ ಕಡೆ ನಿಲ್ಲುವುದೇ ಇಲ್ಲ.

ಚಿತ್ರ ಬಂದಾಗ ಈ ಮಾತನ್ನು ಗಟ್ಟಿಯಾಗಿ ಎತ್ತಿದವರು ರೊನಾಲ್ಡ್ ರಾಡೋಶ್ ಅನ್ನುವ ಇತಿಹಾಸಕಾರ. ಚಿಕ್ಕ ವಯಸ್ಸಿನಲ್ಲಿ ಪೀಟ್ ಹತ್ತಿರವೇ ಬ್ಯಾಂಜೊ ಕಲಿತವರು, ಆಮೇಲೆ ಎಡಪಂಥ ಬಿಟ್ಟು ದೂರ ಹೋದವರು. ನ್ಯೂಯಾರ್ಕ್ ಸನ್ ಪತ್ರಿಕೆಯಲ್ಲಿ, ಈ ಮನುಷ್ಯ ಸ್ಟಾಲಿನ್ ಬಗ್ಗೆ ಯಾಕೆ ಒಂದು ಹಾಡೂ ಕಟ್ಟಲಿಲ್ಲ ಅಂತ ಬರೆದರು. ಅಭಿಮಾನಿಗಳಿಗೆ ಸಿಟ್ಟು ಬರುವ ಬರಹ. ಆದರೆ ಪೀಟ್ ಏನು ಮಾಡಿದರು ಗೊತ್ತಾ? ರಾಡೋಶ್‌ಗೆ ಪತ್ರ ಬರೆದು, ನೀನು ಹೇಳಿದ್ದು ಸರಿ, 1965ರಲ್ಲಿ ಸೋವಿಯತ್ ದೇಶಕ್ಕೆ ಹೋದಾಗ ಆ ಸೆರೆ ಶಿಬಿರಗಳನ್ನು ತೋರಿಸಿ ಅಂತ ನಾನು ಕೇಳಬೇಕಿತ್ತು ಅಂತ ಒಪ್ಪಿಕೊಂಡರು. ಜೊತೆಗೆ ಸ್ಟಾಲಿನ್ ವಿರುದ್ಧ ತಾವು ಬರೆದ ಹಾಡಿನ ಸಾಲುಗಳನ್ನೂ ಕಳಿಸಿದರು. ಆಗ ಅವರ ವಯಸ್ಸು 88. ಹಳೇ ಶಿಷ್ಯ ಪತ್ರಿಕೆಯಲ್ಲಿ ಬೈದಾಗ 88ರ ಮನುಷ್ಯ ಹೌದು ಅನ್ನುವುದು ಎಂಥ ದೊಡ್ಡ ಗುಣ! ಇದು ನಡೆದದ್ದು ಚಿತ್ರ ಬಂದ ಮೇಲೆ, ಹಾಗಾಗಿ ಅದರಲ್ಲಿ ಇರಲು ಸಾಧ್ಯವಿಲ್ಲ. ಆದರೆ ನಿರ್ದೇಶಕರು ಕ್ಯಾಮೆರಾ ಮುಂದೆ ಆ ಪ್ರಶ್ನೆಯನ್ನು ಒತ್ತಿ ಕೇಳಿದ್ದರೆ ಉತ್ತರ ಅಲ್ಲೇ ಸಿಗುತ್ತಿತ್ತು ಅಂತ ನನಗೆ ಖಾತ್ರಿ ಇದೆ. ಪೀಟ್ ಹೆದರುವವರಾಗಿರಲಿಲ್ಲ. ಅವರ ಪರವಾಗಿ ಹೆದರಿದ್ದು ಚಿತ್ರ.

ನಮ್ಮಲ್ಲಿ ಒಬ್ಬರು ಇದನ್ನು ಒಪ್ಪಲಿಲ್ಲ. ಬಲಪಂಥದವರ ಕೈಗೆ ಯಾಕೆ ಕೋಲು ಕೊಡಬೇಕು, ಬ್ಲ್ಯಾಕ್‌ಲಿಸ್ಟ್ ಮಾಡಿದವರು ಯಾವತ್ತಾದರೂ ಕ್ಷಮೆ ಕೇಳಿದರಾ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೂ ನನ್ನ ಮಾತು ಬದಲಾಗಲಿಲ್ಲ. ನಮಗೆ ಇಷ್ಟವಾದವರ ಬಗ್ಗೆ ಪೂರ್ತಿ ಕತೆ ಕೇಳುವ ಧೈರ್ಯ ನಮಗಿರಬೇಕು.

ಇನ್ನು ಪೀಟ್ ಹೆಂಡತಿ ತೋಶಿ. ಚಿತ್ರ ನೋಡಿದ ಮೇಲೆ ನನ್ನ ತಲೆಯಲ್ಲಿ ಜಾಸ್ತಿ ಉಳಿದವರು ಅವರೇ. ತೋಶಿ ಅಲೀನ್ ಓಟಾ, ತಂದೆ ಜಪಾನಿನವರು, ತಾಯಿ ಅಮೆರಿಕದವರು. 1943ರಲ್ಲಿ ಮದುವೆ. 1949ರಲ್ಲಿ ಹಡ್ಸನ್ ನದಿಯ ಮೇಲಿನ ಬೆಟ್ಟದಲ್ಲಿ, ಬೀಕನ್ ಊರಿನ ಹತ್ತಿರ ಜಾಗ ಕೊಂಡು ಮರದ ದಿಮ್ಮಿಗಳ ಮನೆ ಕಟ್ಟಿಕೊಂಡರು. ಶುರುವಿನಲ್ಲಿ ಕರೆಂಟಿಲ್ಲ, ನಲ್ಲಿ ನೀರಿಲ್ಲ, ಕಂಕುಳಲ್ಲಿ ಚಿಕ್ಕ ಮಕ್ಕಳು, ಗಂಡ ಊರೂರು ಹಾಡುತ್ತಾ ಹೋಗಿದ್ದಾನೆ. ಕಾರ್ಯಕ್ರಮ ಗೊತ್ತು ಮಾಡುವುದು, ಲೆಕ್ಕ ನೋಡುವುದು, ಸಿನಿಮಾ ಕ್ಯಾಮೆರಾ ಹಿಡಿಯುವುದು ಎಲ್ಲ ಈಕೆ. 1966ರಲ್ಲಿ ಟೆಕ್ಸಾಸ್ ಜೈಲಿನಲ್ಲಿ ಕಪ್ಪು ಕೈದಿಗಳು ಮರ ಕಡಿಯುತ್ತಾ ಹಾಡುವ ಹಾಡುಗಳನ್ನು ಚಿತ್ರೀಕರಿಸಿದ ತಂಡದಲ್ಲೂ ತೋಶಿ ಇದ್ದರು. 1969ರಲ್ಲಿ ಕ್ಲಿಯರ್‌ವಾಟರ್ ಅನ್ನುವ ಹಾಯಿ ಹಡಗು ನೀರಿಗಿಳಿದು, ಕೊಳೆತು ನಾರುತ್ತಿದ್ದ ಹಡ್ಸನ್ ನದಿಯನ್ನು ಉಳಿಸುವ ಕೆಲಸ ಶುರುವಾಯಿತಲ್ಲ, ಅದಕ್ಕಾಗಿ ನಡೆದ ಉತ್ಸವಗಳ ಬೆನ್ನೆಲುಬೂ ಅವರೇ. ಡಿಲನ್ ಸಿನಿಮಾದಲ್ಲಿ ತೋಶಿಗೆ ಬಾಯಿಯೇ ಇಲ್ಲ ಅಂತ ಅಭಿಮಾನಿಗಳು ಬೇಜಾರು ಮಾಡಿಕೊಂಡಿದ್ದರು, ನನಗೂ ಬೇಜಾರಾಗಿತ್ತು. ಡಾಕ್ಯುಮೆಂಟರಿಯಲ್ಲಿ ಅವರು ಮಾತಾಡುತ್ತಾರೆ, ಚುರುಕಾಗಿ, ನೇರವಾಗಿ. ಆದರೆ ಸಾಲದು. ಊರಿಗೆಲ್ಲ ಸಮಾನತೆ ಹಾಡಿದ ಮನುಷ್ಯನ ಮನೆಯಲ್ಲಿ ಕೆಲಸದ ಹೊರೆ ಹೇಗೆ ಹಂಚಿಕೆಯಾಗಿತ್ತು ಅನ್ನುವುದನ್ನು ಅವರ ಬಾಯಿಂದಲೇ ಇನ್ನೂ ಹತ್ತು ನಿಮಿಷ ಕೇಳಬೇಕಿತ್ತು. ಹೊಗಳುವವರಲ್ಲಿ ಇಬ್ಬರನ್ನು ತೆಗೆದಿದ್ದರೆ ಆ ಜಾಗ ಸಿಗುತ್ತಿತ್ತು. ತೋಶಿ 2013ರ ಜುಲೈನಲ್ಲಿ ಹೋದರು, ಪೀಟ್ 2014ರ ಜನವರಿಯಲ್ಲಿ, 94ನೇ ವಯಸ್ಸಿಗೆ. ಈಗ ಕೇಳೋಣ ಅಂದರೂ ಆಗುವುದಿಲ್ಲ.

ನೋಡುವವರಿಗೆ ಒಂದೆರಡು ಮಾತು. ಅಮೆರಿಕದ ಐವತ್ತರ ದಶಕದ ರಾಜಕೀಯ ಸ್ವಲ್ಪವೂ ಗೊತ್ತಿಲ್ಲದಿದ್ದರೆ ವಿಚಾರಣೆಯ ಭಾಗ ಗಲಿಬಿಲಿ ಆಗಬಹುದು, ಮೊದಲೇ ಅದರ ಬಗ್ಗೆ ಒಂದಷ್ಟು ಓದಿಕೊಂಡು ಕೂತರೆ ಒಳ್ಳೆಯದು. ಡಿಲನ್ ಸಿನಿಮಾ ನೋಡಿ ಬಂದವರು ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದಾಗ ಆದ ಜಗಳವನ್ನೇ ಕಾಯುತ್ತಾ ಕೂರಬೇಡಿ, ಇದು ಡಿಲನ್ ಕತೆ ಅಲ್ಲ. ಮಕ್ಕಳ ಜೊತೆ ಧಾರಾಳವಾಗಿ ನೋಡಬಹುದು. ರಂಗಗೀತೆ, ಹೋರಾಟದ ಹಾಡು, ಜನಪದ ಅಂತ ಓಡಾಡುವ ನಮ್ಮ ಹುಡುಗ ಹುಡುಗಿಯರಂತೂ ತಪ್ಪಿಸಬಾರದು. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ನೋಡಿ ಮುಗಿದ ಮೇಲೆ 1963ರ ಜೂನ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಪೀಟ್ ಕೊಟ್ಟ ಕಾರ್ಯಕ್ರಮದ ರೆಕಾರ್ಡಿಂಗ್ ಹುಡುಕಿ ಪೂರ್ತಿ ಕೇಳಿ. ಚಿತ್ರ ಅರ್ಧಕ್ಕೆ ನಿಲ್ಲಿಸಿದ ಹಾಡುಗಳಲ್ಲಿ ಎಷ್ಟೋ ಅಲ್ಲಿ ಇಡಿಯಾಗಿ ಇವೆ, ಸಭಿಕರ ದನಿಯೂ ಸೇರಿ.