ಚೋರ್ಲಾ ಘಾಟಿನ ಕಪ್ಪೆ ನಡಿಗೆ: ಗೈಡ್‌ಗೆ ಪೂರ್ತಿ ಅಂಕ, ಏರ್ಪಾಡಿಗೆ ಸ್ವಲ್ಪ ಕಡಿಮೆ

ಜುಲೈನಲ್ಲಿ ಒಂದು ಶನಿವಾರ ಮಗಳನ್ನು ಕರೆದುಕೊಂಡು ಪಣಜಿಯಿಂದ ಗೋವಾ-ಕರ್ನಾಟಕ ಗಡಿಯ ಚೋರ್ಲಾ ಘಾಟಿನ ಕಡೆ ರಾತ್ರಿ ಕಪ್ಪೆ ನೋಡಲು ಹೋಗಿದ್ದೆ. ತಲೆಗೆ 900 ರೂಪಾಯಿ, ವ್ಯಾನು, ಊಟ ಎಲ್ಲಾ ಸೇರಿ. ಜಾಗ ಕಾಡಂಚಿನ ಒಂದು ಖಾಸಗಿ ತೋಟ.

ಗೈಡ್ ಖಾನಾಪುರದ ಹುಡುಗ. ನಾವು ಕನ್ನಡದವರು ಅಂತ ಗೊತ್ತಾಗಿದ್ದೇ ತಡ, "ಅಕ್ಕಾರ, ಟಾರ್ಚ್ ಆರಿಸ್ರಿ, ಮೊದ್ಲ ಕೇಳ್ರಿ" ಅಂದ. ಕತ್ತಲಲ್ಲಿ ಸುಮ್ನೆ ನಿಂತೆವು. ಪೊದೆಯಿಂದ ಟಿಕ್ ಟಿಕ್ ಟಿಕ್. ಆ ಸದ್ದಿನ ಜಾಡು ಹಿಡಿದು ಎಲೆ ಎಲೆ ಹುಡುಕಿ ಅವನು ತೋರಿಸಿದ್ದು ಹೆಬ್ಬೆರಳ ತುದಿಯಷ್ಟೇ ಇರುವ ಒಂದು ಗಂಡು ಕಪ್ಪೆ. ಗಂಟಲ ಕೆಳಗೆ ಗಾಳಿ ತುಂಬಿದ ಗುಳ್ಳೆ, ತೆಳ್ಳಗೆ, ಬೆಳಕು ಆಚೆ ಕಾಣುವಷ್ಟು.

ಮಗಳು ಫೋನಿನಲ್ಲಿದ್ದ ಚಿತ್ರ ನೋಡಿ ಬಣ್ಣ ಹೊಂದಿಸಿ ಒಂದು ಹೆಸರು ಹೇಳಿದಳು. ಅವನು ಒಪ್ಪಲಿಲ್ಲ. ಒಂದೇ ಜಾತಿಯಲ್ಲಿ ಒಂದು ಕಂದು, ಇನ್ನೊಂದು ಹಳದಿ ಇರಬಹುದು, ಬಣ್ಣ ನಂಬಬೇಡ ಪುಟ್ಟಿ ಅಂದ. ಬೆರಳ ತುದಿಯ ಬಿಲ್ಲೆ ಎಷ್ಟು ಅಗಲ, ಹಿಂಗಾಲ ಬೆರಳ ನಡುವೆ ಪೊರೆ ಎಲ್ಲಿವರೆಗೆ ಇದೆ, ಕಣ್ಣಿನ ಹಿಂದೆ ಕಿವಿತಮಟೆ ಕಾಣುತ್ತದಾ, ಮೂತಿಯಿಂದ ಹಿಂಭಾಗದವರೆಗೆ ಎಷ್ಟು ಮಿಲಿಮೀಟರ್, ಕೂಗು ಹೇಗೆ, ಸಿಕ್ಕಿದ್ದು ಯಾವ ಊರಲ್ಲಿ, ಇಷ್ಟೂ ನೋಡಿದ ಮೇಲೇ ಅವನು ಬಾಂಬೆ ಪೊದೆಗಪ್ಪೆ ಅಂದಿದ್ದು. ಕೈಯಲ್ಲಿ ಹಿಡಿಯಲೇ ಇಲ್ಲ, ಎಲೆಯ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದ, ಅಷ್ಟೇ. ನನಗೆ ತುಂಬಾ ಹಿಡಿಸಿದ್ದು ಇದೇ.

ಹೆಸರು ಬಾಂಬೆ, ಆದರೆ 1919ರಲ್ಲಿ ಇದನ್ನು ಮೊದಲು ವರ್ಣಿಸಿದ್ದು ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಲ್ಲಿ ಸಿಕ್ಕ ಕಪ್ಪೆಯಿಂದ. ಆಗ ಅದು ಬಾಂಬೆ ಪ್ರಾಂತ್ಯ ಅಲ್ವಾ. ಈಗ ಇದರ ಕುಲದ (ಹತ್ತಿರದ ಜಾತಿಗಳ ಗುಂಪು, ಜೀನಸ್) ಹೆಸರು ರಾವೊರ್ಕೆಸ್ಟಿಸ್. ಅದರಲ್ಲಿರುವ 'ರಾವ್' ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕಪ್ಪೆ ತಜ್ಞ ಸಿ.ಆರ್. ನಾರಾಯಣ ರಾವ್. 2010ರಲ್ಲಿ ಈ ಕುಲವನ್ನು ಬೇರೆ ಮಾಡಿದಾಗ ಅವರ ನೆನಪಿಗೆ ಇಟ್ಟ ಹೆಸರು. ಈ ಕುಲದ ಕಪ್ಪೆಗಳಲ್ಲಿ ಈಜುವ ಗೊದಮೊಟ್ಟೆಯೇ ಇಲ್ಲ, ಮೊಟ್ಟೆಯಿಂದ ನೇರ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಇದು ಕೇಳಿ ಮಗಳು ಬಾಯಿ ತೆರೆದು ನಿಂತಳು.

ಎಲ್ಲಾ ಕಪ್ಪೆಯನ್ನೂ ಗುರುತಿಸೋಕೆ ನಮ್ಮ ಕಣ್ಣು ಕಿವಿ ಸಾಲುವುದಿಲ್ಲ. ಗದ್ದೆಗಪ್ಪೆಗಳು ಒಂದರಂತೆ ಒಂದು. ಜೀನ್ ಹೋಲಿಸಿಯೂ ನೋಡಬೇಕಾಗುತ್ತದೆ. ಗೋವಾದ ಜಂಬಿಟ್ಟಿಗೆ ಬಯಲಿನ ಒಂದು ಕಪ್ಪೆಗೆ 2018ರಲ್ಲಷ್ಟೇ 'ಗೋಯೆಂಚಿ' ಅಂತ ಹೆಸರು ಬಂತು. ಕೊಂಕಣಿಯಲ್ಲಿ ಗೋವಾದ್ದು ಅಂತ ಅರ್ಥ.

ಇನ್ನು ದೂರು. ಎಂಟೇ ಜನ ಅಂತ ಹೇಳಿ 14 ಜನರನ್ನು ತುಂಬಿದ್ದರು. ಹಿಂದೆ ನಿಂತವರಿಗೆ ಕಂಡಿದ್ದು ಬರೀ ಬೆನ್ನು. ಇಬ್ಬರು ಬೇಡ ಅಂದರೂ ಫ್ಲ್ಯಾಶ್ ಹೊಡೆದರು, ಕಪ್ಪೆ ಕೂಗು ನಿಲ್ಲಿಸಿಬಿಟ್ಟಿತು. ಕೈಗೆ ಸೊಳ್ಳೆ ಕ್ರೀಮ್ ಹಚ್ಚಬೇಡಿ, ಕಪ್ಪೆಯ ಚರ್ಮ ಅದನ್ನು ಹೀರುತ್ತದೆ ಅನ್ನೋದನ್ನು ಅಲ್ಲಿಗೆ ಹೋದ ಮೇಲೆ ಹೇಳಿದರು. ಬುಕ್ ಮಾಡಿದಾಗಲೇ ಮೆಸೇಜ್ ಕಳಿಸಬೇಕಿತ್ತು. ಊಟ ಆರಿತ್ತು, ಹಸಿವಿಗೆ ನಡೆಯಿತು.

ಐದಕ್ಕೆ ನಾಲ್ಕು. ವಾರದ ದಿನ ಹೋಗಿ, ಜನ ಕಡಿಮೆ ಇರುತ್ತಾರಂತೆ. ನಾವು ಆಗಸ್ಟ್‌ಗೆ ಒಂದು ಬುಧವಾರ ಬುಕ್ ಮಾಡಿದ್ದೇವೆ, ಅದೇ ಹುಡುಗ ಬೇಕು ಅಂತ ಹೇಳಿ.