ಬ್ರಿಕ್‌ಲಿಂಕ್ ಸ್ಟುಡಿಯೋ: ಇಟ್ಟಿಗೆ ಕೊಳ್ಳೋ ಮೊದಲು ಇದನ್ನ ಇಳಿಸಿಕೊಳ್ಳಿ

ಆಟಿಕೆ ಇಟ್ಟಿಗೆಯಲ್ಲಿ ಸ್ವಂತ ಮಾದರಿ ಕಟ್ಟುವ ಹುಚ್ಚು ಹತ್ತಿದೆಯಾ? ಅದೂ ನಮ್ಮ ಬಾಗಲಕೋಟೆಯಂಥ ಊರಲ್ಲಿ ಕೂತು? ಹಾಗಿದ್ದರೆ ಡಬ್ಬಿ ಆಮೇಲೆ ತಗೊಳ್ಳಿ. ಮೊದಲು ಸ್ಟುಡಿಯೋ ಇಳಿಸಿಕೊಳ್ಳಿ, ಕಂಪ್ಯೂಟರಿನಲ್ಲೇ ಇಟ್ಟಿಗೆ ಜೋಡಿಸಿ ನೋಡುವ ಸಾಫ್ಟ್‌ವೇರ್ ಇದು. ಒಂದು ಪೈಸೆ ಕೊಡಬೇಕಿಲ್ಲ. ನಾನು ಇದನ್ನ ದಿನಾ ರಾತ್ರಿ ಬಳಸ್ತೀನಿ. ಬೈಯೋದೂ ಇದೆ, ಹೊಗಳೋದೂ ಇದೆ.

ನವನಗರದಲ್ಲಿ ಒಬ್ಬ ಸಿವಿಲ್ ಗುತ್ತಿಗೆದಾರರ ಆಫೀಸಿನಲ್ಲಿ ಎಸ್ಟಿಮೇಟ್ ಹಾಕೋದು ನನ್ನ ಕೆಲಸ. ಹಗಲೆಲ್ಲ ಕಾಲಂ, ಬೀಮು, ಸಿಮೆಂಟ್ ಚೀಲ, ಸರಳಿನ ತೂಕ. ಊಟ ಆದಮೇಲೆ ಮತ್ತೆ ಅದೇ ಲೆಕ್ಕ, ಆದರೆ ಮಿಲಿಮೀಟರಿನಲ್ಲಿ. ಮನೆಯವಳು ಒಂದು ರಾತ್ರಿ ಹಿಂದೆ ಬಂದು ನಿಂತು ಕೇಳಿದಳು: "ರೀ, ಇದ್ಯಾರ ಮನಿ ಪ್ಲ್ಯಾನ್ ಐತ್ರೀ? ಹಗಲೆಲ್ಲಾ ಮಾಡಿದ್ದು ಸಾಲ್ಲಿಲ್ಲೇನು?" ಆಮೇಲೆ ಪರದೆ ಕಡೆ ಬಗ್ಗಿ ನೋಡಿ, "ಅಯ್ಯ, ಇದು ಪಟ್ಟದಕಲ್ಲಿಂದಲ್ಲ?" ಅಂದಳು. ಗುಡಿ ಗುರುತು ಸಿಕ್ಕಿತಲ್ಲ, ನನಗೆ ಅಷ್ಟೇ ಬೇಕಿತ್ತು.

ಇದರ ಹಿನ್ನೆಲೆ ಸ್ವಲ್ಪ ಗೊತ್ತಿರಲಿ. ಬ್ರಿಕ್‌ಲಿಂಕ್ ಅನ್ನೋದು ಬಿಡಿ ಇಟ್ಟಿಗೆ ಮಾರುವವರ, ಕೊಳ್ಳುವವರ ಆನ್‌ಲೈನ್ ಸಂತೆ. 2000ದಲ್ಲಿ ಡ್ಯಾನ್ ಜೆಝೆಕ್ ಎಂಬ ಹವ್ಯಾಸಿ ಶುರು ಮಾಡಿದ್ದು. 2019ರಲ್ಲಿ ಈ ಇಟ್ಟಿಗೆ ತಯಾರಿಸುವ ಲೆಗೋ ಕಂಪನಿಯೇ ಅದನ್ನು ಕೊಂಡುಕೊಂಡಿತು. ಸ್ಟುಡಿಯೋ ಆ ಸಂತೆಗೆ ಅಂಟಿಕೊಂಡಿರುವ ಸಾಫ್ಟ್‌ವೇರ್. ಆದರೆ ಇದರ ಬೇರು ಇನ್ನೂ ಹಳೆಯದು. ಜೇಮ್ಸ್ ಜೆಸ್ಸಿಮನ್ ಎಂಬ ಆಸ್ಟ್ರೇಲಿಯಾದವರು 1995ರಲ್ಲಿ ಎಲ್‌ಡ್ರಾ ಎಂಬ ಪದ್ಧತಿ ಮಾಡಿದರು. ಕಂಪ್ಯೂಟರಿನಲ್ಲಿ ಇಟ್ಟಿಗೆ ಒಂದೊಂದಾಗಿ ಬರೆದಿಡುವ ಕ್ರಮ ಅದು. ಅವರು 1997ರಲ್ಲೇ ತೀರಿಕೊಂಡರು. ಆಮೇಲೆ ಜಗತ್ತಿನ ಹವ್ಯಾಸಿಗಳು ಸುಮ್ನೆ ಕೂರಲಿಲ್ಲ. ಸಂಬಳ ಇಲ್ಲದೆ ಸಾವಿರಾರು ತುಂಡುಗಳನ್ನು ಅಳತೆ ತಪ್ಪದಂತೆ ಬರೆದು ಸೇರಿಸುತ್ತಾ ಬಂದರು. ಸ್ಟುಡಿಯೋದಲ್ಲಿ ನಮ್ಮ ಕೈಗೆ ಸಿಗುವ ಇಟ್ಟಿಗೆ ರಾಶಿಯ ಹಿಂದೆ ಆ ದುಡಿಮೆ ಇದೆ.

ನಕ್ಷೆ ಬರೆಯುವ ಆಟೋಕ್ಯಾಡ್ ಗೊತ್ತಿದ್ದವರಿಗೆ ಇದು ಎರಡು ಸಂಜೆಯ ಮಾತು. ಗೊತ್ತಿಲ್ಲದವರಿಗೂ ಕಷ್ಟ ಇಲ್ಲ. ಎಡಗಡೆ ತುಂಡುಗಳ ಪಟ್ಟಿ, ನಡುವೆ ಕಟ್ಟುವ ಜಾಗ. ತುಂಡು ಎಳೆದು ತಂದರೆ ಹತ್ತಿರದ ಸ್ಟಡ್ಡಿಗೆ, ಅಂದರೆ ಇಟ್ಟಿಗೆಯ ಮೇಲಿನ ಗುಂಡು ಗುಬ್ಬಿಗೆ, ತಾನೇ ಕೂರುತ್ತದೆ. ಬಾಣದ ಕೀಲಿ ಒತ್ತಿದರೆ ತಿರುಗುತ್ತದೆ. ಒಂದು ಮೂಲೆ ಕಟ್ಟಿ, ನಕಲು ಮಾಡಿ, ತಿರುಗಿಸಿ ಇಟ್ಟರೆ ಉಳಿದ ಮೂರು ಮೂಲೆ ಮುಗಿದ ಹಾಗೆ. ಒಂದರೊಳಗೆ ಒಂದು ತೂರಿದರೆ ತಡೆಯುತ್ತದೆ.

ಈಗ ಅಸಲು ವಿಷಯ. ಪಟ್ಟದಕಲ್ಲಿಗೆ ಹೋದವರಿಗೆ ಗೊತ್ತು, ಅಲ್ಲಿ ಒಂದೇ ಅಂಗಳದಲ್ಲಿ ಎರಡು ಥರದ ಶಿಖರ ಇದೆ. ವಿರೂಪಾಕ್ಷ ಗುಡಿಯದು ದ್ರಾವಿಡ. ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, ಎಂಟನೇ ಶತಮಾನ. ಅಂತಸ್ತಿನ ಮೇಲೆ ಅಂತಸ್ತು, ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕೆ ಸರಿಯುತ್ತಾ ಹೋಗುತ್ತದೆ. ಇಟ್ಟಿಗೆಯವರಿಗೆ ಇದು ಹಬ್ಬ. ಪ್ಲೇಟ್ ಅಂದರೆ ತೆಳು ಇಟ್ಟಿಗೆ; ಪ್ಲೇಟ್ ಮೇಲೆ ಪ್ಲೇಟ್, ಒಂದೊಂದು ಸ್ಟಡ್ ಒಳಗೆ. ಶಿಲ್ಪಿಯೂ ನಾವೂ ಒಂದೇ ಲೆಕ್ಕದಲ್ಲಿ ಯೋಚಿಸ್ತೀವಿ ಅನ್ನಿಸುತ್ತದೆ.

ನಾನು ಆರಿಸಿಕೊಂಡ ಗಳಗನಾಥ ಗುಡಿ ಹಾಗಲ್ಲ. ಅದು ರೇಖಾನಾಗರ, ಉತ್ತರ ಭಾರತದ ಶೈಲಿ. ಮುಂದಿನ ಮಂಟಪದ ಬಹುಭಾಗ ಹೋಗಿದೆ, ಶಿಖರ ಮಾತ್ರ ಗಟ್ಟಿಯಾಗಿ ನಿಂತಿದೆ. ಕೆಳಗೆ ಹೆಚ್ಚುಕಮ್ಮಿ ನೆಟ್ಟಗೆ ಏರಿ, ಮೇಲೆ ಹೋದಂತೆ ಮೆಲ್ಲಗೆ ಒಳಕ್ಕೆ ಬಾಗುತ್ತದೆ. ಆ ಬಾಗು ಇಟ್ಟಿಗೆಯಲ್ಲಿ ಬರೋದಿಲ್ಲ. ಸ್ಲೋಪ್, ಅಂದರೆ ಇಳಿಜಾರಿನ ತುಂಡು ಹಾಕಿದರೆ ಶಿಖರ ಹೋಗಿ ಹಂಚಿನ ಮನೆ ಆಗುತ್ತದೆ. ಒಂದೊಂದು ಸ್ಟಡ್ ಒಳಗೆ ತಂದರೆ ಮತ್ತೆ ವಿರೂಪಾಕ್ಷನೇ ಆಗುತ್ತಾನೆ.

ಇಲ್ಲಿ ಅಳತೆ ಹೇಳಲೇಬೇಕು. ಸ್ಟಡ್ಡಿನಿಂದ ಸ್ಟಡ್ಡಿಗೆ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6, ಪ್ಲೇಟಿನದು 3.2. ಅಂದರೆ ಮೂರು ಪ್ಲೇಟಿಗೆ ಒಂದು ಇಟ್ಟಿಗೆ. ಐದು ಪ್ಲೇಟ್ ಪೇರಿಸಿದರೆ 16 ಮಿಲಿಮೀಟರ್, ಸರಿಯಾಗಿ ಎರಡು ಸ್ಟಡ್ ಅಗಲ. ತುಂಡನ್ನ ಮಗ್ಗುಲಿಗೆ ತಿರುಗಿಸಿ ಅಡ್ಡಡ್ಡ ಕಟ್ಟುವ ಆಟವೆಲ್ಲ ಈ ಐದು-ಎರಡರ ಮೇಲೆ ನಿಂತಿದೆ. ಇದರ ಜೊತೆಗೆ ಜಂಪರ್ ಅನ್ನೋ ತುಂಡಿದೆ. ಎರಡಕ್ಕೆರಡು ಪ್ಲೇಟ್, ಆದರೆ ಮೇಲೆ ನಾಲ್ಕರ ಬದಲು ನಟ್ಟನಡುವೆ ಒಂದೇ ಸ್ಟಡ್. ಅದರ ಮೇಲೆ ಕೂತದ್ದು ಎರಡೂ ದಿಕ್ಕಿಗೆ ಅರ್ಧ ಸ್ಟಡ್ ಸರಿಯುತ್ತದೆ. ಹಾಗಾಗಿ 16 ಸ್ಟಡ್ ಅಗಲದ ವರಸೆಯ ಮೇಲೆ 15ರದ್ದು ಸರಿಯಾಗಿ ನಡುವೆ ಕೂರುತ್ತದೆ. ನಾಲ್ಕೂ ಕಡೆ 4 ಮಿಲಿಮೀಟರ್ ಒಳಗೆ.

ಬಾಗು ಸಿಕ್ಕಿದ್ದು ಇಲ್ಲಿ. ಸರಿಯುವುದು ಯಾವಾಗಲೂ ಅದೇ 4 ಮಿಲಿಮೀಟರ್. ಆದರೆ ಕೆಳಗೆ ಒಂಬತ್ತು ಪ್ಲೇಟ್ ಏರಿದ ಮೇಲೆ ಒಂದು ಸರಿತ. ಆಮೇಲೆ ಏಳು ಪ್ಲೇಟಿಗೆ, ಐದಕ್ಕೆ, ನಾಲ್ಕಕ್ಕೆ, ಕೊನೆಗೆ ಎರಡಕ್ಕೆ. ಕಣ್ಣು ಕಿರಿದು ಮಾಡಿ ನೋಡಿದರೆ ಶಿಖರ ಬಾಗಿದ ಹಾಗೇ ಕಾಣುತ್ತದೆ. ಇದನ್ನ ಕೈಯಲ್ಲಿ ಇಟ್ಟಿಗೆ ಹಿಡಿದು ಹುಡುಕೋಕೆ ಹೋಗಿದ್ದರೆ ರಾಶಿ ಜಂಪರ್ ತರಿಸಬೇಕಿತ್ತು. ಸ್ಟುಡಿಯೋದಲ್ಲಿ ಒಂಬತ್ತು ತೆಗೆದು ಹತ್ತು ಹಾಕೋದು, ಬೇಡ ಅನ್ನಿಸಿದರೆ ಹಿಂದಕ್ಕೆ ಹೋಗೋದು, ಎಲ್ಲ ಕಾಸಿಲ್ಲದೆ. ಮೇಲಿನ ಆಮಲಕಕ್ಕೆ, ಅದೇ ನೆಲ್ಲಿಕಾಯಿ ಆಕಾರದ ಪಟ್ಟಿಪಟ್ಟಿ ಗುಂಡಿಗೆ, ಹಲ್ಲಿನ ಗೇರ್ ಎರಡನ್ನು ಒಂದೇ ಕಡ್ಡಿಗೆ ಪೋಣಿಸಿದೆ. ಹಲ್ಲುಗಳೇ ಪಟ್ಟಿ. ಇಷ್ಟು ಚೆನ್ನಾಗಿ ಬರುತ್ತೆ ಅಂತ ನಾನೇ ಅಂದುಕೊಂಡಿರಲಿಲ್ಲ.

ಬಣ್ಣದ ವಿಚಾರಕ್ಕೆ ಬಂದರೆ ಸ್ಟುಡಿಯೋ ಕಟ್ಟುನಿಟ್ಟು. ಪಟ್ಟದಕಲ್ಲಿನ ಮರಳುಗಲ್ಲಿಗೆ ಹತ್ತಿರ ಬರೋದು ಮೀಡಿಯಂ ನೂಗಟ್, ಡಾರ್ಕ್ ಆರೆಂಜ್, ನೆರಳಿನ ಕಡೆ ಡಾರ್ಕ್ ಟ್ಯಾನ್. ಆದರೆ ಎಲ್ಲ ತುಂಡೂ ಎಲ್ಲ ಬಣ್ಣದಲ್ಲಿ ತಯಾರಾಗಿರೋದಿಲ್ಲ. ಇಲ್ಲದ ಬಣ್ಣ ಹಾಕಿದರೆ ಸ್ಟುಡಿಯೋ ಎಚ್ಚರಿಸುತ್ತದೆ. ಬೇಜಾರಾಗುತ್ತೆ, ಆದರೆ ಒಳ್ಳೇದು. ಹೊಸಬರು ಈ ಎಚ್ಚರಿಕೆಯನ್ನ ಕಡೆಗಣಿಸಿ ಕಟ್ಟುತ್ತಾ ಹೋಗ್ತಾರೆ. ಚಿತ್ರಕ್ಕಾದರೆ ಪರವಾಗಿಲ್ಲ. ನಿಜಕ್ಕೂ ಕಟ್ಟೋ ಆಸೆ ಇದ್ದರೆ ಬೇಡ.

ಇನ್ನು ಬೈಯೋ ಭಾಗ. ಗಟ್ಟಿತನ ಪರೀಕ್ಷಿಸುವ ಬಟನ್ ಒಂದಿದೆ. ಎಲ್ಲಿ ಜೋಡಣೆ ಸಡಿಲ, ಎಲ್ಲಿ ತುಂಡು ಗಾಳಿಯಲ್ಲಿ ತೇಲುತ್ತಿದೆ ಅಂತ ಬಣ್ಣದಲ್ಲಿ ತೋರಿಸುತ್ತದೆ. ಚೆನ್ನಾಗಿದೆ. ಆದರೆ ಅದಕ್ಕೆ ಬೆರಳು ಗೊತ್ತಿಲ್ಲ. ಇಳಕಲ್‌ನಲ್ಲಿ ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಒಬ್ಬ ಗೆಳೆಯನಿಗೆ ಈ ಹುಚ್ಚು ನನಗಿಂತ ಜಾಸ್ತಿ. ಫೈಲ್ ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ಫೋನ್: "ಸರ, ಹನ್ನೆರಡನೇ ವರಸೀ ಒಳಗ ಒಂದು ಪ್ಲೇಟ್ ಅದಲ್ರೀ, ಅದನ್ನ ಮ್ಯಾಲಿಂದು ಕೂಡಿಸಿದ ಮ್ಯಾಲೆ ಹೆಂಗ್ ತುರುಕಬೇಕ್ರೀ? ಬಳ್ಳು ಹೋಗಂಗಿಲ್ಲಲ್ಲ." ಅವನು ಹೇಳಿದ್ದು ಸರಿ. ಪರದೆಯ ಮೇಲೆ ತುಂಡು ಎಲ್ಲಿಂದ ಬೇಕಾದರೂ ತೂರಿ ಬಂದು ಕೂರುತ್ತದೆ. ಸೆಂಟ್ರಿಂಗ್ ಬಿಚ್ಚೋಕೆ ದಾರಿ ಬಿಡದೆ ಹಾಕಿದ ಸ್ಲ್ಯಾಬಿನ ಹಾಗೆ, ಕಾಗದದ ಮೇಲೆ ಸರಿ, ಸೈಟಿನಲ್ಲಿ ಆಗದು. ಸಾಫ್ಟ್‌ವೇರ್ ಆಗದು ಅನ್ನೋದಿಲ್ಲ. ಹಳೆಯ, ಸವೆದ ಇಟ್ಟಿಗೆಯ ಹಿಡಿತವೂ ಅದರ ಲೆಕ್ಕಕ್ಕೆ ಬರೋದಿಲ್ಲ. ಅದರ ಪಾಲಿಗೆ ಎಲ್ಲ ಇಟ್ಟಿಗೆಯೂ ಇವತ್ತೇ ಅಚ್ಚಿನಿಂದ ಬಂದದ್ದು.

ಇದಕ್ಕೆ ಮದ್ದೂ ಅದರಲ್ಲೇ ಇದೆ. ಸೂಚನೆ ಪುಸ್ತಕ ಮಾಡುವ ಭಾಗಕ್ಕೆ ಹೋಗಿ, ಮಾದರಿಯನ್ನ ಹೆಜ್ಜೆ ಹೆಜ್ಜೆಯಾಗಿ ಬಿಡಿಸಬೇಕು. ಶಿಖರ ಒಂದು ಬಿಡಿ ಭಾಗ, ಆಮಲಕ ಒಂದು, ಗರ್ಭಗುಡಿಯ ಗೋಡೆ ಒಂದು. ಪ್ರತಿ ಹೆಜ್ಜೆಗೂ ಎಷ್ಟು ತುಂಡು ಬೇಕು ಅಂತ ತಾನೇ ಪಕ್ಕದಲ್ಲಿ ಬರೆದುಕೊಡುತ್ತದೆ. ಕೊನೆಗೆ ಪಿಡಿಎಫ್. ಬೆರಳು ಎಲ್ಲಿ ಹೋಗೋದಿಲ್ಲ ಅನ್ನೋದು ಈ ಹೆಜ್ಜೆ ಹಾಕುವಾಗಲೇ ತಿಳಿಯೋದು. ಈ ಭಾಗಕ್ಕೆ ನಾನು ಪೂರ್ತಿ ಅಂಕ ಕೊಡ್ತೀನಿ. ದುಡ್ಡು ಕೊಟ್ಟು ಕೊಳ್ಳುವ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲೂ ಇಷ್ಟು ಸಲೀಸಾಗಿ ಬಿಒಕ್ಯೂ, ಅಂದರೆ ಯಾವ ಸಾಮಾನು ಎಷ್ಟು ಬೇಕು ಅನ್ನೋ ಪಟ್ಟಿ, ಬರೋದಿಲ್ಲ.

ಬಿಒಕ್ಯೂ ಅಂದ ಮೇಲೆ ದುಡ್ಡಿನ ಮಾತು ಬರಲೇಬೇಕು. ನಿಮ್ಮ ಮಾದರಿಗೆ ಬ್ರಿಕ್‌ಲಿಂಕ್ ಸಂತೆಯಲ್ಲಿ ಅಂದಾಜು ಎಷ್ಟಾಗುತ್ತದೆ ಅಂತ ಸ್ಟುಡಿಯೋ ಹೇಳುತ್ತದೆ. ಆ ಅಂಕಿ ನೋಡಿ ಖುಷಿಪಡಬೇಡಿ. ಅದು ಬರೀ ಇಟ್ಟಿಗೆಯದು. ವಿದೇಶದ ಅಂಗಡಿಯಿಂದ ತರಿಸಿದರೆ ಸಾಗಣೆ ಬೇರೆ, ಕಸ್ಟಮ್ಸ್ ಬೇರೆ. ಆಟಿಕೆ ಮೇಲಿನ ಮೂಲ ಆಮದು ಸುಂಕ ಶೇ. 20 ಇದ್ದದ್ದು 2020ರಲ್ಲಿ ಶೇ. 60 ಆಯಿತು, 2023ರ ಬಜೆಟ್ಟಿನಲ್ಲಿ ಶೇ. 70. ಆಟಿಕೆಯ ಬಿಡಿಭಾಗಕ್ಕೂ ಅದೇ. ಸುಂಕ ಬೀಳೋದು ಸಾಗಣೆ ಸೇರಿದ ಬೆಲೆಯ ಮೇಲೆ, ಅದರ ಮೇಲೆ ಮತ್ತೆ ಜಿಎಸ್‌ಟಿ. ನೂರು ರೂಪಾಯಿಯ ಇಟ್ಟಿಗೆ ಬಾಗಲಕೋಟೆ ಮುಟ್ಟೋ ಹೊತ್ತಿಗೆ ಇನ್ನೂರು ದಾಟಿದರೆ ಆಶ್ಚರ್ಯ ಇಲ್ಲ. ನನ್ನ ಗಳಗನಾಥಕ್ಕೆ ಮೂರು ಸಾವಿರದ ಆಸುಪಾಸು ತುಂಡು ಬೇಕು. ಹೋಲಿಕೆಗೆ, ಲೆಗೋ 2008ರಲ್ಲಿ ತಂದ ತಾಜ್‌ಮಹಲ್ 5,922 ತುಂಡಿನದು. 2021ರ ಚಿಕ್ಕ ತಾಜ್ 2,022. ಭಾರತದ ಮೊದಲ ಅಧಿಕೃತ ಲೆಗೋ ಅಂಗಡಿ 2025ರಲ್ಲಿ ಗುರುಗ್ರಾಮದಲ್ಲಿ ತೆರೆಯಿತು. ನಮಗೇನು ಬಂತು, ಅಲ್ವಾ?

ಲೆಗೋ ಇಟ್ಟಿಗೆಗೆ ಹೊಂದುವ, ಬೇರೆಯವರು ಮಾಡಿದ ಅಗ್ಗದ ಇಟ್ಟಿಗೆ ನಮ್ಮೂರಲ್ಲೂ ಸಿಗುತ್ತದೆ. 2021ರಿಂದ ಇಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ, ಅದನ್ನ ನೋಡಿ ತಗೊಳ್ಳಿ. ಹಿಡಿತ ಡಬ್ಬಿಯಿಂದ ಡಬ್ಬಿಗೆ ಬೇರೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ (ಹೆಸರು ಬೇಡ) ಒಂದೇ ಕಂದು ಅಂತ ಹೇಳಿ ಮೂರು ಥರದ ಕಂದು ಕಳಿಸಿದ. ಗೋಡೆಯ ಕೆಳಗಿನ ವರಸೆಗೆ ಹಾಕಿಬಿಟ್ಟೆ. ಮಳೆ ನೀರು ತಾಗಿದ ಕಲ್ಲಿನ ಬಣ್ಣ ತಾನಾಗೇ ಬಂತು.

ಹಂಚಿಕೊಳ್ಳೋಕೆ ದಾರಿ ಬೇಕಾದಷ್ಟಿದೆ. ರೀಬ್ರಿಕಬಲ್ ಅನ್ನೋ ಜಾಲತಾಣದಲ್ಲಿ ನಿಮ್ಮ ಮಾದರಿಯ ಸೂಚನೆ ಹಾಕಬಹುದು, ಬಿಟ್ಟಿಯಾಗಿಯೋ ಬೆಲೆ ಇಟ್ಟೋ. ನಿಮ್ಮ ಮನೆಯಲ್ಲಿರುವ ಡಬ್ಬಿಗಳ ಪಟ್ಟಿ ಕೊಟ್ಟರೆ ಅದರಲ್ಲಿ ಏನೇನು ಕಟ್ಟಬಹುದು ಅಂತಲೂ ಅದು ಹೇಳುತ್ತದೆ. ಅದು ನಮ್ಮಂಥವರಿಗೆ ತುಂಬಾ ಕೆಲಸಕ್ಕೆ ಬರೋದು. ಲೆಗೋ ಐಡಿಯಾಸ್ ಇನ್ನೊಂದು. ಅಲ್ಲಿ 10,000 ಜನರ ಬೆಂಬಲ ಸಿಕ್ಕರೆ ಕಂಪನಿ ನಿಮ್ಮ ಮಾದರಿಯನ್ನ ಪರಿಶೀಲಿಸುತ್ತದೆ. ಆಯ್ಕೆಯಾದರೆ ನಿವ್ವಳ ಮಾರಾಟದಲ್ಲಿ ಶೇ. 1 ನಿಮಗೆ. ಆದರೆ ಧಾರ್ಮಿಕ ಕಟ್ಟಡಗಳನ್ನ ಅಲ್ಲಿ ತೆಗೆದುಕೊಳ್ಳೋದಿಲ್ಲ. ಹಾಗಾಗಿ ಪಟ್ಟದಕಲ್ಲಿಗೆ ಆ ಬಾಗಿಲು ಮುಚ್ಚಿದೆ. 1987ರಿಂದ ವಿಶ್ವಪರಂಪರೆ ತಾಣ ಅಂತ ವಾದ ಮಾಡಿ ಉಪಯೋಗ ಇಲ್ಲ. ಗೋಕಾಕದ ತೂಗುಸೇತುವೆಗೆ ಅಡ್ಡಿ ಇಲ್ಲ, ಬೆಳಗಾವಿ ಕಡೆಯವರು ಯಾರಾದರೂ ಮಾಡಿ. ಬಳಗದೊಳಗಾದರೆ ಫೈಲನ್ನೇ ವಾಟ್ಸಾಪಿನಲ್ಲಿ ದಾಟಿಸೋದು ಸುಲಭ. ಚಿತ್ರ ಕಳಿಸಿದರೆ "ಸೂಪರ್" ಅನ್ನೋದು ಬಿಟ್ಟು ಏನೂ ಬರೋದಿಲ್ಲ. ಫೈಲ್ ಕಳಿಸಿದರೆ ಇಳಕಲ್‌ನಿಂದ ಬಂದಂಥ ಫೋನ್ ಬರುತ್ತದೆ.

ಚಿಕ್ಕಪುಟ್ಟ ತಕರಾರು: ಫೋನಿನಲ್ಲಿ ನಡೆಯೋದಿಲ್ಲ, ವಿಂಡೋಸ್ ಇಲ್ಲವೇ ಮ್ಯಾಕ್ ಬೇಕು. ಕನ್ನಡ ಇಲ್ಲ, ಆದರೆ ಗುರುತು ನೋಡಿಯೇ ಕೆಲಸ ಸಾಗುತ್ತದೆ. ನಿಜದ ಫೋಟೋದಂಥ ಚಿತ್ರ ತೆಗೆಯುವ ಸೌಲಭ್ಯ ಇದೆ, ಫಲಿತಾಂಶವೂ ಚಂದ. ಆದರೆ ಸಾದಾ ಲ್ಯಾಪ್‌ಟಾಪಿಗೆ ಅದು ಭಾರ. ಏಪ್ರಿಲ್‌ನಲ್ಲಿ ಬೇಡ. ನಮ್ಮ ಬಿಸಿಲಿಗೆ ಮನುಷ್ಯರಿಗೇ ಫ್ಯಾನ್ ಸಾಲೋದಿಲ್ಲ. ರಾತ್ರಿ ಹಚ್ಚಿ ಮಲಗಿ, ಬೆಳಿಗ್ಗೆ ಎದ್ದು ನೋಡಿ. ಕರೆಂಟ್ ಹೋಗದಿದ್ದರೆ ಆಗಿರುತ್ತದೆ.

ಅಕ್ಕನ ಮಗ ಕೇಳಿದ, "ಮಾಮಾ, ಕೈಯಾಗ ಹಿಡಿಯಾಕ ಬರಲಾರದ್ದು ಅದೆಂಥಾ ಆಟಿಗಿ?" ಅವನಿಗೆ ಹನ್ನೊಂದು ವರ್ಷ, ಪ್ರಶ್ನೆ ನ್ಯಾಯವಾಗಿಯೇ ಇದೆ. ಇಟ್ಟಿಗೆ ಒತ್ತಿದಾಗ ಬರುವ ಆ ಟಕ್ ಸದ್ದು ಬೇಕು ಅನ್ನುವವರಿಗೆ ಇದು ಸಾಕಾಗೋದಿಲ್ಲ. ಅಂಥವರು ಒಂದು ಚಿಕ್ಕ ಡಬ್ಬಿ ಪಕ್ಕದಲ್ಲಿಟ್ಟುಕೊಂಡೇ ಸ್ಟುಡಿಯೋ ತೆರೆಯಲಿ. ನನ್ನಂತೆ ಲೆಕ್ಕ ಹಾಕೋದರಲ್ಲೇ ಅರ್ಧ ಸುಖ ಕಾಣುವವರಿಗೆ ಇದೊಂದೇ ಸಾಕು.

ಐದಕ್ಕೆ ನಾಲ್ಕು. ಅರ್ಧ ಅಂಕ ಹೋದದ್ದು ಫೋನಿನಲ್ಲಿ ಇಲ್ಲದ್ದಕ್ಕೆ, ಇನ್ನರ್ಧ ಆ ಬೆಲೆಯ ಅಂಕಿಗೆ. ಸಾಗಣೆ, ಸುಂಕ ಸೇರಿಸಿ ತೋರಿಸುವ ಒಂದು ಕಾಲಂ ಇದ್ದಿದ್ದರೆ ನಾನು ಬೇರೆ ಎಕ್ಸೆಲ್ ಹಾಳೆ ಇಟ್ಟುಕೊಳ್ಳಬೇಕಾಗಿರಲಿಲ್ಲ.