ಇವತ್ತ ಫೈನಲ್: ಓಣಿ ಗಣಪತಿ ಪೆಂಡಾಲಿಗೆ ತಂದ ಎಲ್‌ಇಡಿ ವಾಲ್ ಹೆಂಗೈತಿ, ನಮ್ಮ ಟೈಗರ್ಸ್ ಹೆಂಗದಾರ

ಮೊದ್ಲ ಹೇಳಿಬಿಡ್ತೇನಿ, ಹುಬ್ಬಳ್ಳ್ಯಾಗ ಮ್ಯಾಚ್ ತೋರಸಾಕ ಎಲ್‌ಇಡಿ ವಾಲ್ (ಸಣ್ಣ ಲೈಟಿನ ಚುಕ್ಕಿ ಸೇರಿಸಿ ಮಾಡಿದ ದೊಡ್ಡ ಪರದೆ) ಬಾಡಿಗಿ ತಗೊಳ್ಳೋ ವಿಚಾರ ಇದ್ರ ಗೋಕುಲ ರೋಡ್ ಕಡೆ ಇರೋ ಇವ್ರ ಹತ್ರ ಕಣ್ಣು ಮುಚ್ಚಿ ತಗೋರಿ. ಹೆಸರು ಯಾಕ ಹಾಕಿಲ್ಲ ಅಂದ್ರ ಮಾಲಕ್ರ ಬ್ಯಾಡ ಅಂದಾರ, ಹಬ್ಬದ ಆರ್ಡರಿಗೇ ಪ್ಯಾನಲ್ ಸಾಲವಲ್ವು, ಇನ್ನ ಹೊಸ ಫೋನ್ ಬಂದ್ರ ಯಾರಿಗೆ ಏನ್ ಹೇಳೂದು ಅಂತ. ನಿನ್ನೆ ಚೌತಿ, ಇವತ್ತ 2025ರ ಆಗಸ್ಟ್ 28ನೇ ತಾರೀಖು, ಮೈಸೂರಾಗ ಮಹಾರಾಜ ಟ್ರೋಫಿ (ಕರ್ನಾಟಕದ ಟಿ20 ಕ್ರಿಕೆಟ್ ಟೂರ್ನಿ) ಫೈನಲ್, ನಮ್ಮ ಹುಬ್ಳಿ ಟೈಗರ್ಸ್ ಎದುರು ಮಂಗಳೂರು ಡ್ರಾಗನ್ಸ್. ಗಣಪತಿ ಕುಂತ ಮರುದಿನಾನ ಫೈನಲ್ ಬಂದೈತಿ ಅಂದ್ರ ಓಣಿ ಹುಡುಗೂರು ಸುಮ್ನ ಇರತಾರೇನ್ರಿ, ಪಟ್ಟಿ ಎತ್ತಿದ್ರೊಳಗ ಡೆಕೋರೇಷನ್ ರೊಕ್ಕ ಸ್ವಲ್ಪ ಕಡಿಮಿ ಮಾಡಿ ಈ ವಾಲ್ ತಂದೇವಿ, ನನಗಂತೂ ಆ ರೊಕ್ಕ ಪೂರ್ತಿ ವಸೂಲಾತು ಅನಸಾಕತ್ತೈತಿ, ಇನ್ನೂ ಮ್ಯಾಚ್ ಸುರುನ ಆಗಿಲ್ಲ.

ಹೋದ ವರ್ಷ ಬ್ಯಾರೆ ಒಬ್ರ ಹತ್ರ ಪ್ರೊಜೆಕ್ಟರ್ ತಂದಿದ್ವಿ. ಪೆಂಡಾಲಂದ್ರ ಸುತ್ತ ಸೀರಿಯಲ್ ಲೈಟು, ಮ್ಯಾಲ ಫೋಕಸ್ಸು, ಅಷ್ಟ ಬೆಳಕಿನ್ಯಾಗ ಪ್ರೊಜೆಕ್ಟರ್ ಚಿತ್ರ ಬಿಳೇ ಅರಿವಿ ಮ್ಯಾಲ ನೀರ ಬಿದ್ದಂಗ ಕಾಣತಿತ್ತು, ಬಾಲ್ ಎಲ್ಲಿ ಹೋತು ಅಂತ ಕಾಮೆಂಟ್ರಿ ಕೇಳಿ ತಿಳಕೋಬೇಕಾಗಿತ್ತು, ಕಡೀಕ ಗಣಪತಿ ಮುಂದಿನ ಲೈಟ್ ಆರಸ್ರಿ ಅಂತ ಯಾರೋ ಅಂದದ್ದಕ್ಕ ಹಿರ್ಯಾರು ಸಿಟ್ಟಾದ್ರು, ಸಿಟ್ಟಾಗೂದ ಬರೋಬ್ಬರಿ. ಹಂಗಾಗಿ ಈ ಸಲ ವಾಲ್ ಅಂದ್ರ ವಾಲ್ ಅಂತ ಗಟ್ಟಿ ಮಾಡಿದ್ವಿ.

ತಗೊಳ್ಳೋರು ಒಂದ ಮಾತು ನೆಪ್ಪಿಟ್ಕೋರಿ. ಅಂಗಡಿಯೊಳಗ ಪಿ10, ಪಿ4, ಪಿ3 ಅಂತ ಕೇಳತಾರ. ಪಿ ಮುಂದಿನ ನಂಬರ್ ಅಂದ್ರ ಒಂದ ಚುಕ್ಕಿಗೂ ಇನ್ನೊಂದ ಚುಕ್ಕಿಗೂ ನಡುವ ಎಷ್ಟ ಮಿಲಿಮೀಟರ್ ಅನ್ನೂದು. 12 ಫೂಟ್ ಅಗಲದ ವಾಲ್‌ನ್ಯಾಗ ಪಿ10 ತಗೊಂಡ್ರ ಅಡ್ಡಕ್ಕ ಸುಮಾರು 360 ಚುಕ್ಕಿ ಅಷ್ಟ ಬರತಾವ, ಅದ ಪಿ4 ಆದ್ರ 900ರ ಮ್ಯಾಲ. ಪಿ10 ಸೋವಿ ಸಿಗತೈತಿ, "ಜೈ ಗಣೇಶ" ಅಂತ ದೊಡ್ಡ ಅಕ್ಷರ ಓಡಸಾಕ ಅದು ಸಾಕು, ಆದ್ರ ಕ್ರಿಕೆಟಿಗೆ ತಗೋಬ್ಯಾಡ್ರಿ, ಕೆಳಗಿನ ಸ್ಕೋರ್ ಪಟ್ಟಿ ಒಡದು ಹೋಗತೈತಿ, 3 ಐತೋ 8 ಐತೋ ತಿಳಿಯಂಗಿಲ್ಲ. ನಾವು 8 ಫೂಟ್ ಎತ್ತರ 12 ಫೂಟ್ ಅಗಲ ಪಿ4 ಔಟ್‌ಡೋರ್ ತಗೊಂಡೇವಿ. ಮುಂದಿನ ಸಾಲು ನಾಕೈದು ಮೀಟರ್ ದೂರ ಹಾಕ್ರಿ, ಅದಕ್ಕಿಂತ ಸಮೀಪ ಕುಂತ್ರ ಚುಕ್ಕಿ ಎದ್ದ ಕಾಣತಾವ. ಸಣ್ಣ ಹುಡುಗೂರು ಹೇಳಿದ್ರೂ ಕೇಳಂಗಿಲ್ಲ, ಅಲ್ಲೇ ಹೋಗಿ ಕುಂದ್ರತಾವ, ಅದಕ್ಕ ಹಗ್ಗ ಕಟ್ಟೇವಿ.

ನಿನ್ನೆ ರಾತ್ರಿ ಟ್ರಯಲ್ ನೋಡೂಣು ಅಂತ ಆಪರೇಟರ್ ಹುಡುಗ ಏನ್ ಹಚ್ಚಲಿ ಅಂತ ಕೇಳಿದ. ಎಲ್ಲಾರೂ ಒಂದ ಸಲಕ್ಕ ಹೇಳಿದ್ದು 2023ರ ಫೈನಲ್ ಹೈಲೈಟ್ಸ್. ನೀವ ಹೇಳ್ರಿ, ಟಿವ್ಯಾಗ ನೋಡಿದ್ದು ಬ್ಯಾರೆ, ಹನ್ನೆರಡ ಫೂಟಿನ್ಯಾಗ ಮೊಹಮ್ಮದ್ ತಾಹಾ ಹೊಡೆಯೂದು ನೋಡೂದು ಬ್ಯಾರೆ. ಆವತ್ತ ತಾಹಾ 40 ಬಾಲಿಗೆ 72, ಕಡೀಕ ಮನೀಶ್ ಪಾಂಡೆ 23 ಬಾಲಿಗೆ 50 ನಾಟೌಟ್, ನಾವು 203. ಮೈಸೂರಿನವ್ರು ಬಿಡ್ಲಿಲ್ಲ, 195ರ ತನಕಾ ಬಂದ್ರು, 8 ರನ್ನಿಗೆ ಕಪ್ ನಮ್ದಾತು. ಆ ಚೇಸಿನ್ಯಾಗ ಮನ್ವಂತ್ ಕುಮಾರ್ ಮೂರು ವಿಕೆಟ್ ತಗದಿದ್ದ, ಅವ ಓಡಿ ಬರೋವಾಗ ವಾಲ್ ಮ್ಯಾಲ ಕಾಲಾಗಿನ ಶೂ ಲೇಸ್ ಸುದ್ದಾ ಕಾಣತಿತ್ತು, ಗಲಾಟಿ ಮಾಡಾಕತ್ತ ಹುಡುಗೂರು ಒಮ್ಮಿಗೇ ತಣ್ಣಗಾಗಿ ನಿಂತ್ರು, ಫಲಿತಾಂಶ ಎರಡ ವರ್ಷದ ಹಿಂದಿಂದು, ಎಲ್ಲಾರಿಗೂ ಗೊತ್ತಿದ್ದದ್ದ. ಸ್ಕ್ರೀನ್ ಚಲೋ ಐತಿ ಅನ್ನಾಕ ನನಗ ಇದಕ್ಕಿಂತ ಬ್ಯಾರೆ ಸಾಕ್ಷಿ ಬ್ಯಾಡ.

ಟ್ರಯಲ್ ನಡದಾಗ ಒಂದ ತೊಂದ್ರಿ ಆತು, ಅದನ್ನೂ ಹೇಳಬೇಕು. ಕೆಳಗ ಎಡಕ್ಕ, ಸರಿಯಾಗಿ ಸ್ಕೋರ್ ಬರೋ ಜಾಗಾದಾಗ ಒಂದ ಗೀರು ಕೆಂಪ್ ಚುಕ್ಕಿ ಹತ್ತಿ ಆರವಲ್ದು. ನಾ ಅನ್ಕೊಂಡೆ ಮುಗೀತು, ಇನ್ನ ಪೂರಾ ಪ್ಯಾನಲ್ ಬಿಚ್ಚಬೇಕು, ರಾತ್ರಿ ಒಂದಾಗತೈತಿ. ಆ ಹುಡುಗ ಬ್ಯಾಗಿನ್ಯಾಗಿಂದ ಹಿಡಿಕಿ ಇರೋ ಒಂದ ಸಕ್ಷನ್ ಸಾಮಾನ ತಗದು ಮುಂದಿನಿಂದ್ಲ ಹಚ್ಚಿದ, ಮಾಡ್ಯೂಲ್ ಅಂದ್ರ ವಾಲಿನ ಸಣ್ಣ ಸಣ್ಣ ಚೌಕ ತುಂಡು, ಅವು ಮ್ಯಾಗ್ನೆಟ್ ಮ್ಯಾಲ ಕುಂತಿರತಾವಂತ, ಟಕ್ ಅಂತ ಒಂದ ಚೌಕ ಕಿತ್ತ ಕೈಯಾಗ ಬಂತು, ಹಿಂದಿನ ಪಟ್ಟಿ ವೈರ್ ಬಿಚ್ಚಿ ಹೊಸಾದಕ್ಕ ಸಿಗಿಸಿ ಒತ್ತಿದ, ಆತು. ಚಾ ತಣ್ಣಗಾಗೂದ್ರೊಳಗ ಕೆಲಸ ಮುಗದಿತ್ತು. "ಸ್ಪೇರ್ ನಾಕ ತಂದೇನ್ರಿ ಅಣ್ಣಾರ, ಫೈನಲ್ ಅಂತ ಗೊತ್ತೈತಿ" ಅಂದ. ಅವನೂ ಟೈಗರ್ಸ್ ಹುಚ್ಚನ. ಬಾಡಿಗಿ ಕೊಡೋರು ಸ್ಪೇರ್ ಮಾಡ್ಯೂಲ್ ತರತಾರೋ ಇಲ್ಲೋ ಅನ್ನೂದು ಮೊದ್ಲ ಕೇಳ್ರಿ, ರೇಟ್ ಆಮ್ಯಾಲ ಕೇಳ್ರಿ.

ಇನ್ನ ಟೀಮ್ ಮಾತಿಗೆ ಬರ್ತೇನಿ, ಖರೆ ಹೇಳಬೇಕಂದ್ರ ಅದಕ್ಕ ಬರ್ಯಾಕ ಕುಂತೇನಿ. ಈ ಸಲ ನಮ್ಮ ಕ್ಯಾಪ್ಟನ್ ದೇವದತ್ತ ಪಡಿಕ್ಕಲ್. ಜುಲೈ ಹರಾಜಿನ್ಯಾಗ 13.20 ಲಕ್ಷ ಕೊಟ್ಟು ತಂದಾರ, ಎಲ್ಲಾ ಟೀಮಿನ್ಯಾಗ ಅದ ದೊಡ್ಡ ರೇಟು. ಭಾಳ ಆತು ಅಂದೋರೂ ಅದಾರ. ನಾ ಅನ್ನಂಗಿಲ್ಲ. 2024ರ ಜನವರ್ಯಾಗ ರಾಜನಗರ ಗ್ರೌಂಡಿಗೆ ಪಂಜಾಬ್ ಮ್ಯಾಲಿನ ರಣಜಿ ಮ್ಯಾಚ್ ನೋಡಾಕ ಹೋದೋರಿಗೆ ಗೊತ್ತೈತಿ ಅವ ಎಂಥಾ ಆಟಗಾರ ಅಂತ, 193 ಹೊಡದ, ಆ ಕವರ್ ಡ್ರೈವಿಗೆ ಫೀಲ್ಡರ್ ಓಡೂದ ಬಿಟ್ಟು ನಿಂತ ನೋಡತಿದ್ರು. ನಮ್ಮೂರಾಗ ಆಡಿದ ಮನಷ್ಯಾ ನಮ್ಮೂರ ಹೆಸರಿನ ಜೆರ್ಸಿ ಹಾಕ್ಕೊಂಡ್ರ ಅದ್ರ ಖುಷಿನ ಬ್ಯಾರೆ. ಆಮ್ಯಾಲ ಅಭಿನವ್ ಮನೋಹರ್. ಹೋದ ವರ್ಷ ಅವ ಶಿವಮೊಗ್ಗ ಟೀಮಿನ್ಯಾಗ ಇದ್ದಾಗ ಒಂದ ಟೂರ್ನಿಯೊಳಗ 52 ಸಿಕ್ಸ್ ಹೊಡದಾನ, ನಾವು ಅವನ ವಿಕೆಟಿಗೆ ಹರಕಿ ಹೊತ್ತವ್ರು, ಈ ವರ್ಷ 12.20 ಲಕ್ಷಕ್ಕ ನಮ್ಮವನಾಗ್ಯಾನ.

ನನ್ನ ಭರೋಸಾ ಮಾತ್ರ ಇವ್ರಿಬ್ರಿಗಿಂತ ಜಾಸ್ತಿ ಕೆ.ಎಲ್. ಶ್ರೀಜಿತ್ ಮ್ಯಾಲ. ಕೀಪಿಂಗೂ ಮಾಡತಾನ, ಎಡಗೈ ಬ್ಯಾಟಿಂಗ್, ಗದ್ದಲಿಲ್ಲ ಗೌಜಿಲ್ಲ. ವಿಜಯ್ ಹಜಾರೆ ಟ್ರೋಫ್ಯಾಗ 2024ರ ಡಿಸೆಂಬರಿನ್ಯಾಗ ಮುಂಬೈದವ್ರು 382 ಹೊಡದು ಕುಂತಾಗ ಎಲ್ಲಾರೂ ಟಿವಿ ಆರಿಸಿದ್ರು, ಇವ 150 ನಾಟೌಟ್ ಹೊಡದು ಕರ್ನಾಟಕಾನ ದಡ ಮುಟ್ಟಿಸಿದ. ಫೈನಲ್ ಅಂದ್ರ ಅಂಥಾ ತಲಿ ಬೇಕು. ಮ್ಯಾಲಿನೋರು ಲಗೂನ ಔಟ್ ಆದ್ರೂ ಇವ ಹದಿನಾರನೇ ಓವರ್ ತನಕಾ ನಿಂತ್ರ ನಮಗ ಹೊಡ್ಯಾಕ ಸ್ಕೋರ್ ಇರತೈತಿ. ಬೌಲಿಂಗಿನ್ಯಾಗ ಕೆ.ಸಿ. ಕಾರ್ಯಪ್ಪ, 2015ರಾಗ ಐಪಿಎಲ್ ಹರಾಜಿನ್ಯಾಗ ಕೋಲ್ಕತ್ತಾದವ್ರು 2.4 ಕೋಟಿ ಕೊಟ್ಟು ತಗೊಂಡ ಹುಡುಗ, ಈಗ ಅನುಭವ ಬಂದೈತಿ, ನಡುವಿನ ಓವರಿನ್ಯಾಗ ಕಟ್ಟಿ ಹಾಕತಾನ. ಮತ್ತ ಮನ್ವಂತ್. ಮನ್ವಂತ್ ಬಗ್ಗೆ ಏನ್ ಹೇಳೂದ್ರಿ, ಹೋದ ವರ್ಷ ಆಗಸ್ಟ್ 23ರ ಮ್ಯಾಚ್ ಯಾರಾದ್ರೂ ಮರೀತಾರೇನು, ಬೆಂಗಳೂರು ಬ್ಲಾಸ್ಟರ್ಸ್ ಮ್ಯಾಲ, ಇಬ್ರದೂ 164, ಟೈ ಮುರ್ಯಾಕ ಆಡೋ ಒಂದ ಓವರಿನ ಸೂಪರ್ ಓವರ್, ಅದೂ ಟೈ, ಮತ್ತೊಂದ ಸೂಪರ್ ಓವರ್ ಅದೂ ಟೈ, ಮೂರನೇದ್ರಾಗ ಕೊನೇ ಬಾಲಿಗೆ ಈ ಮನ್ವಂತ್ ಫೋರ್ ಹೊಡದು ಗೆಲ್ಸಿದ. ಟಿ20 ಕ್ರಿಕೆಟಿನ್ಯಾಗ ಅಲ್ಲೀತನಕಾ ಒಂದ ಮ್ಯಾಚಿಗೆ ಮೂರು ಸೂಪರ್ ಓವರ್ ಯಾರೂ ನೋಡಿರ್ಲಿಲ್ಲ. ಅವತ್ತಿಂದ ನಮ್ಮ ಓಣ್ಯಾಗ ಕೊನೇ ಬಾಲ್ ತನಕಾ ಯಾರೂ ಎದ್ದ ಹೋಗಂಗಿಲ್ಲ.

ಚಿಂತಿ ಇಲ್ಲಂತಲ್ಲ. ಪಾಂಡೆ ಈಗ ನಮ್ಮ ಕಡೆ ಇಲ್ಲ, ಮೈಸೂರು ವಾರಿಯರ್ಸಿಗೆ ಹೋಗ್ಯಾನ. 2022ರಾಗ ಗುಲ್ಬರ್ಗಾಕ್ಕ ಕಪ್ ಗೆದ್ದ ಕೊಟ್ಟವನೂ ಅವನ, ಮರುವರ್ಷ ನಮಗ ಕೊಟ್ಟವನೂ ಅವನ, ಅಂಥಾ ಕ್ಯಾಪ್ಟನ್ ಜಾಗಾ ತುಂಬೂದು ಸಸಾರಲ್ಲ. ಎದುರಿಗೆ ಮ್ಯಾಕ್ನೀಲ್ ನೊರೊನ್ಹಾ ಅದಾನ, ಅವನ್ನ ಪವರ್‌ಪ್ಲೇದಾಗ ತಗೀಲಿಲ್ಲ ಅಂದ್ರ ಕಷ್ಟ ಐತಿ. ಅದೆಲ್ಲಾದಕ್ಕಿಂತ ನನಗ ಹೆದ್ರಿಕಿ ಮಳೀದು. ಆಗಸ್ಟ್ ಕೊನೆ, ಯಾವಾಗ ಬರತೈತಿ ಹೇಳಾಕ ಬರಂಗಿಲ್ಲ. ಈ ಟೂರ್ನಿಯೊಳಗ ಮಳಿ ಬಂದ್ರ ಗುರಿ ಬದಲಾಸಾಕ ಡಕ್ವರ್ತ್ ಲೂಯಿಸ್ ಅಲ್ಲ, ಕೇರಳದ ಎಂಜಿನಿಯರ್ ವಿ. ಜಯದೇವನ್ ಮಾಡಿದ ವಿಜೆಡಿ ಲೆಕ್ಕ. ಎರಡನೇದಾಗಿ ಆಡೋರು ಐದು ಓವರ್ ಮುಗ್ಸಿದ್ರ ಸಾಕು, ಫಲಿತಾಂಶ ಬಂದ ಬಿಡತೈತಿ, ವಿಕೆಟ್ ಕೈಯಾಗ ಇಟ್ಕೊಂಡು ಲೆಕ್ಕದ ಮುಂದ ಓಡಿದೋರು ಗೆದ್ದಂಗ. ಅದಕ್ಕ ನನ್ನ ಮಾತು ಒಂದ, ಟಾಸ್ ಗೆದ್ರ ಎರಡನೇದಾಗಿ ಬ್ಯಾಟಿಂಗ್ ಆಡಬೇಕು. ಮೊದ್ಲ ಆಡೂ ಪಾಳಿ ಬಂದ್ರ 180ರ ಕೆಳಗ ನಿಲ್ಲಬಾರದು, ಮಳಿ ಮೋಡದ ಕೆಳಗ ಸಣ್ಣ ಸ್ಕೋರ್ ಇಟ್ಕೊಂಡು ಬೌಲಿಂಗ್ ಮಾಡೂದು ಭಾಳ ಕಠಿಣ.

ಇಲ್ಲೂ ಮಳೀದ ಮಾತ. ವಾಲ್ ಔಟ್‌ಡೋರ್ ಕ್ಯಾಬಿನೆಟ್, ಹನಿ ತಡೀತೈತಿ, ಆದ್ರ ವಾಲಿಗೆ ಚಿತ್ರ ಕಳಸೋ ಪ್ರೊಸೆಸರ್, ಲ್ಯಾಪ್‌ಟಾಪ್ ಇಟ್ಟ ಟೇಬಲ್ ಮ್ಯಾಲ ತಾಡಪತ್ರಿ ನಾವ ಕಟ್ಟಬೇಕು, ಅದನ್ನ ಅವ್ರು ಮೊದ್ಲ ಹೇಳಲಿಲ್ಲ, ಹೇಳಬೇಕಿತ್ತು. ಜನರೇಟರ್ ಬಾಡಿಗಿನೂ ಬ್ಯಾರೆ. ಇಷ್ಟ ದೊಡ್ಡ ವಾಲ್ ಮನಿ ಲೈನ್ ಮ್ಯಾಲ ಹಾಕಬ್ಯಾಡ್ರಿ, ಸೌಂಡೂ ಸೇರಿ ಲೋಡ್ ತಡಿಯಂಗಿಲ್ಲ, ಸರಿಯಾಗಿ ಕೊನೇ ಓವರಿಗೇ ಫ್ಯೂಸ್ ಹೋಗತೈತಿ. ವಾಲ್ ಬಾಡಿಗಿ ದಿನಕ್ಕ 8 ಸಾವಿರ, ಆಪರೇಟರ್, ಕಟ್ಟೂದು, ಬಿಚ್ಚೂದು ಸೇರಿ. ಹಬ್ಬದ ರೇಟ್ ಅಂತ ಜಾಸ್ತಿ ಕೇಳಲಿಲ್ಲ, ಅದು ನನಗ ಭಾಳ ಹಿಡಿಸ್ತು, ಯಾಕಂದ್ರ ಇನ್ನೊಂದ ಕಡೆ ಇದ ಸೈಜಿಗೆ ಹದಿಮೂರು ಕೇಳಿ, ಅದೂ ಪಿ10 ಕೊಡತೇನಿ ಅಂದಿದ್ರು. ಅಡ್ವಾನ್ಸ್ ಮಾತ್ರ ಪೂರ್ತಿ ಮೊದ್ಲ ಇಸ್ಕೊಂಡ್ರು, ಅರ್ಧಾ ತಗೊಂಡು ಅರ್ಧಾ ಆಮ್ಯಾಲ ಅಂದಿದ್ರ ಚಲೋ ಇತ್ತು.

ಮತ್ತೊಂದು, ಮ್ಯಾಚ್ ಯಾವುದ್ರಾಗಿಂದ ಹಚ್ಚತೀರಿ ಅನ್ನೂದು ದೊಡ್ಡ ಮಾತು. ಮೊಬೈಲ್ ಆ್ಯಪಿನ್ಯಾಗಿಂದ ಹಚ್ಚಿದ್ರ ನೆಟ್ ಮ್ಯಾಲ ತಡಾ ಆಗಿ ಬರತೈತಿ, ಬಾಜೂ ಮನ್ಯಾಗ ಡಿಶ್ ಹಚ್ಚಿದೋರು "ಹೋತ್ ಹೋತ್" ಅಂತ ಒದರಿದ ಮ್ಯಾಲ ನಮ್ಮ ಸ್ಕ್ರೀನ್ಯಾಗ ಬೌಲರ್ ಇನ್ನ ಓಡಿ ಬರ್ತಿರತಾನ, ಮಜಾನ ಇರಂಗಿಲ್ಲ. ನಾವು ಸೆಟ್‌ಟಾಪ್ ಬಾಕ್ಸ್ ತಂದು ಎಚ್‌ಡಿಎಂಐ ವೈರ್‌ಲೆ ಸೀದಾ ಪ್ರೊಸೆಸರಿಗೆ ಕೊಟ್ಟೇವಿ, ನೆಟ್ ಕನೆಕ್ಷನ್ ಜೋಡಿ ಇಟ್ಟೇವಿ, ಡಿಶ್ ಮಳಿಗೆ ಕೈ ಕೊಟ್ರ ಇರಲಿ ಅಂತ. ಆ ಹುಡುಗ ಬಟನ್ ಒಂದ ಒತ್ತಿ ಅದ್ರಿಂದ ಇದಕ್ಕ ಬದಲಾಸಿ ತೋರ್ಸಿದ, ಚಿತ್ರ ಹೋಗ್ಲಿಲ್ಲ ಕಪ್ಪಾಗ್ಲಿಲ್ಲ.

ಆರತಿ ವಿಚಾರಕ್ಕ ಓಣ್ಯಾಗ ಸ್ವಲ್ಪ ಮಾತುಕತಿ ಆತು. ಹಿರೇ ಕಾಕಾರು "ಆರತಿ ಟೈಮಿಗೆ ಆಟಾ ಬಂದ್ ಆಗಬೇಕ್ರೆಪಾ, ದೇವರಿಗಿಂತ ದೊಡ್ಡದಲ್ಲ" ಅಂದ್ರು. ಅವರ ಮಾತು ಸರಿ. ಆರತಿ ಇನ್ನಿಂಗ್ಸ್ ಬ್ರೇಕಿಗೆ ಇಟ್ಕೊಳ್ಳೂಣ್ರಿ ಕಾಕಾ, ಆಗ ವಾಲ್ ಮ್ಯಾಲ ಗಣಪತೀನ ಲೈವ್ ಕ್ಯಾಮೆರಾದಾಗ ತೋರಸ್ತೇವಿ, ಹಿಂದ ನಿಂತ ಅವ್ವಗೋಳಿಗೂ ಆರತಿ ಕಾಣತೈತಿ ಅಂತ ಹೇಳಿದ ಮ್ಯಾಲ ಒಪ್ಪಿದ್ರು, ಮಗ್ಗಲಕ್ಕ ಖುರ್ಚಿನೂ ಹಿಡಿ ಅಂದ್ರು. ರಾತ್ರಿ ಹತ್ತಕ್ಕ ದೊಡ್ಡ ಸೌಂಡ್ ಬಂದ್ ಮಾಡತೇವಿ, ಕಾಮೆಂಟ್ರಿ ಸಣ್ಣ ಸ್ಪೀಕರಿನ್ಯಾಗ, ಓಣ್ಯಾಗ ಕೂಸು ಮುದುಕ್ರು ಅದಾರ, ಚೀರೂದು ಬಾಯಿಲೆ ಚೀರಿದ್ರ ಆತು.

ನಾಳಿಗೆ ವಾಲ್ ಬ್ಯಾರೆ ಪೆಂಡಾಲಿಗೆ ಹೊಂಟೈತಿ, ಫೈನಲ್ ಇವತ್ತೊಂದ ದಿನ. ಕೇಶ್ವಾಪುರ, ವಿದ್ಯಾನಗರ ಕಡೆಯಿಂದ ಬರೋ ದೋಸ್ತರು ಟಾಸಿಗೆ ಮೊದ್ಲ ಬರ್ರಿ, ಗಾಡಿ ಮೇನ್ ರೋಡ್ ಮ್ಯಾಲ ಹಚ್ಚಿ ನಡಕೊಂತ ಬರ್ರಿ. ಖುರ್ಚಿ ಹಿರ್ಯಾರಿಗೆ, ನಮಗ ನಿಮಗ ಜಮಖಾನಿ. ಗಿರ್ಮಿಟ್ ಮಿರ್ಚಿ ಓಣಿ ಕಡೆಯಿಂದ, ನೀರಿನ ಬಾಟ್ಲಿ ನೀವ ತರ್ರಿ.